ಹಮಾಗುಚಿ ಗೊರ್ಯೋ

ಹಮಾಗುಚಿ ಗೊರ್ಯೋ (೨೪ ಜುಲೈ ೧೮೨೦ – ೨೧ ಏಪ್ರಿಲ್ ೧೮೮೫) ಜಪಾನಿನ ವರ್ತಕರು, ಲೋಕೋಪಕಾರಿ ಹಾಗೂ ಆಡಳಿತಗಾರರು. ೧೮೫೪ರ ಡಿಸೆಂಬರ್ ೨೪ರಂದು ಸಂಭವಿಸಿದ ಭೀಕರ ಭೂಕಂಪ ಮತ್ತು ಸುನಾಮಿಯ ರಾತ್ರಿ, ಭತ್ತದ ಹುಲ್ಲಿನ ಬಣವೆಗಳಿಗೆ ಬೆಂಕಿ ಹಚ್ಚಿ, ಆ ಬೆಳಕಿನಲ್ಲಿ ತಮ್ಮ ಊರಾದ ಹಿರೋ ಗ್ರಾಮದ ಜನರನ್ನು ಎತ್ತರದ ನೆಲೆಗೆ ಕರೆದೊಯ್ದವರೆಂದು ಅವರು ಪ್ರಸಿದ್ಧರಾಗಿದ್ದಾರೆ. ಸುನಾಮಿಯಿಂದ ಹಾಳಾದ ಗ್ರಾಮದವರಿಗೆ ದಿನಗೂಲಿ ಕೊಟ್ಟು, ತಮ್ಮ ಕುಟುಂಬದ ಹಣದಿಂದಲೇ ಕಡಲ ತೀರದಲ್ಲಿ ಒಂದು ದೊಡ್ಡ ಏರಿಯನ್ನು ಕಟ್ಟಿಸಿದ್ದು ಅವರ ಮತ್ತೊಂದು ಮಹತ್ಕಾರ್ಯ. ಅವರು ತೀರಿಕೊಂಡು ಆರು ದಶಕಗಳು ಕಳೆದ ಮೇಲೆ, ೧೯೪೬ರಲ್ಲಿ ಬಂದ ಸುನಾಮಿಯನ್ನು ಆ ಏರಿ ತಡೆದು ಗ್ರಾಮದ ಬಹುಭಾಗವನ್ನು ಉಳಿಸಿತು. ವಿಪತ್ತು ಬಂದ ಮೇಲೆ ಪರಿಹಾರಕ್ಕಾಗಿ ವೆಚ್ಚ ಮಾಡುವುದಕ್ಕಿಂತ ಮುಂಚಿತವಾಗಿ ಸಿದ್ಧತೆ ಮಾಡಿಕೊಳ್ಳುವುದು ಲಾಭಕರ ಎಂಬುದಕ್ಕೆ ಅವರ ಕಾರ್ಯವನ್ನು ಇಂದಿಗೂ ಉದಾಹರಣೆಯಾಗಿ ನೀಡಲಾಗುತ್ತದೆ. ವಿಶ್ವಸಂಸ್ಥೆಯು ಪ್ರತಿವರ್ಷ ನವೆಂಬರ್ ೫ರಂದು ಆಚರಿಸುವ ವಿಶ್ವ ಸುನಾಮಿ ಜಾಗೃತಿ ದಿನದ ಹಿನ್ನೆಲೆಯಲ್ಲಿಯೂ ಅವರ ಕಥೆಯೇ ಇದೆ.

ಜನನ ಮತ್ತು ಕುಟುಂಬ

ಗೊರ್ಯೋ ಅವರು ಕೀ ಪ್ರಾಂತ್ಯದ ಹಿರೋ ಗ್ರಾಮದಲ್ಲಿ ಜನಿಸಿದರು. ಇದು ಈಗಿನ ವಕಯಾಮಾ ಆಡಳಿತ ಪ್ರಾಂತ್ಯದ ಹಿರೋಗಾವಾ ಪಟ್ಟಣಕ್ಕೆ ಸೇರಿದೆ. ಹಮಾಗುಚಿ ಮನೆತನವು ಹದಿನೇಳನೆಯ ಶತಮಾನದಿಂದಲೂ ಸೋಯಾ ಸಾಸ್ ತಯಾರಿಕೆಯಲ್ಲಿ ತೊಡಗಿತ್ತು. ೧೬೪೫ರಲ್ಲಿ ಆರಂಭವಾದ ಈ ಉದ್ಯಮವೇ ಇಂದಿನ ಯಮಾಸಾ ಸಂಸ್ಥೆ. ಕುಟುಂಬದ ಮೂಲ ನೆಲೆ ಹಿರೋ ಗ್ರಾಮದಲ್ಲಿದ್ದರೂ ತಯಾರಿಕೆಯ ಕೇಂದ್ರ ಬಹಳ ದೂರದಲ್ಲಿ, ಪೂರ್ವ ಕರಾವಳಿಯ ಚೋಷಿ ಎಂಬ ಬಂದರು ಪಟ್ಟಣದಲ್ಲಿತ್ತು. ಅಲ್ಲಿಂದ ಎದೊ ನಗರಕ್ಕೆ, ಎಂದರೆ ಇಂದಿನ ಟೋಕಿಯೋಗೆ, ಸರಕು ಸಾಗುತ್ತಿತ್ತು.

ಮನೆತನದ ಕವಲು ಶಾಖೆಯಲ್ಲಿ ಹುಟ್ಟಿದ ಗೊರ್ಯೋ ಬಾಲ್ಯದಲ್ಲಿಯೇ ಮೂಲ ಶಾಖೆಗೆ ದತ್ತು ಹೋದರು. ಮುಂದೆ ಅವರು ಮನೆತನದ ಏಳನೆಯ ಯಜಮಾನರಾಗಿ, ವಂಶಪಾರಂಪರ್ಯವಾಗಿ ಬಂದ ಹಮಾಗುಚಿ ಗಿಹೇ ಎಂಬ ಹೆಸರನ್ನು ಧರಿಸಿದರು. ಗೊರ್ಯೋ ಎಂಬುದು ಅವರು ಇಟ್ಟುಕೊಂಡ ಅಂಕಿತನಾಮ. ಇತಿಹಾಸದಲ್ಲಿ ಈ ಹೆಸರೇ ಉಳಿದುಕೊಂಡಿದೆ. ವ್ಯಾಪಾರದ ಕಾರಣದಿಂದ ಚೋಷಿ, ಎದೊ ಮತ್ತು ಹಿರೋ ಗ್ರಾಮಗಳ ನಡುವೆ ಅವರು ಜೀವನವಿಡೀ ಸಂಚರಿಸುತ್ತಿದ್ದರು.

ವಿದ್ಯಾಭಿರುಚಿ ಮತ್ತು ಶಾಲೆಯ ಸ್ಥಾಪನೆ

ಆ ಕಾಲದಲ್ಲಿ ಜಪಾನ್ ಹೊರಜಗತ್ತಿನೊಡನೆ ಸಂಪರ್ಕವನ್ನು ಬಹುಮಟ್ಟಿಗೆ ಕಡಿದುಕೊಂಡಿತ್ತು. ಪಾಶ್ಚಾತ್ಯ ಹಡಗುಗಳು ಕರಾವಳಿಯಲ್ಲಿ ಕಾಣಿಸಿಕೊಳ್ಳತೊಡಗಿದಾಗ ದೇಶದ ಭವಿಷ್ಯದ ಬಗ್ಗೆ ವಿದ್ಯಾವಂತರಲ್ಲಿ ಆತಂಕ ಮೂಡಿತು. ಗೊರ್ಯೋ ಅವರು ಪಾಶ್ಚಾತ್ಯ ವಿದ್ಯೆಯಲ್ಲಿ ಪರಿಣತರಾಗಿದ್ದ ಸಕುಮಾ ಷೋಜಾನ್ ಅವರ ಬಳಿ ಅಧ್ಯಯನ ಮಾಡಿದರು. ಮುಂದೆ ಜಪಾನಿನ ನೌಕಾಪಡೆಯನ್ನು ಕಟ್ಟಿದವರಲ್ಲಿ ಪ್ರಮುಖರಾದ ಕಾಟ್ಸು ಕೈಷೂ ಅವರೊಡನೆ ಗೊರ್ಯೋ ಅವರಿಗೆ ಆಪ್ತ ಸ್ನೇಹವಿತ್ತು.

೧೮೫೨ರಲ್ಲಿ ಗೊರ್ಯೋ ತಮ್ಮ ಬಂಧುಮಿತ್ರರೊಡನೆ ಸೇರಿ ಹಿರೋ ಗ್ರಾಮದಲ್ಲಿ ತರುಣರಿಗಾಗಿ ಒಂದು ಶಿಕ್ಷಣ ಕೇಂದ್ರವನ್ನು ಆರಂಭಿಸಿದರು. ಅಲ್ಲಿ ವಿದ್ಯಾಭ್ಯಾಸದ ಜೊತೆಗೆ ಕತ್ತಿವರಸೆ ಮೊದಲಾದ ಶಾರೀರಿಕ ಶಿಕ್ಷಣವನ್ನೂ ನೀಡಲಾಗುತ್ತಿತ್ತು. ಮುಂದೆ ಇದಕ್ಕೆ ತೈಕ್ಯೂಷಾ ಎಂಬ ಹೆಸರು ಬಂತು. ದೀರ್ಘಕಾಲ ತಾಳಿ ನಿಲ್ಲುವುದು ಎಂಬ ಅರ್ಥ ಈ ಹೆಸರಿನಲ್ಲಿದೆ. ಈ ಸಂಸ್ಥೆಯ ಪರಂಪರೆ ತೈಕ್ಯೂ ಹೆಸರಿನ ಶಾಲೆಗಳ ರೂಪದಲ್ಲಿ ಇಂದಿಗೂ ಮುಂದುವರಿದಿದೆ.

ಹಿರೋ ಗ್ರಾಮದ ಭೌಗೋಳಿಕ ಸ್ಥಿತಿ

ಗೊರ್ಯೋ ಅವರ ಕಾರ್ಯದ ಮಹತ್ವವನ್ನು ತಿಳಿಯಲು ಗ್ರಾಮದ ಭೌಗೋಳಿಕ ಸ್ಥಿತಿಯನ್ನು ಅರಿಯಬೇಕು. ಜಪಾನಿನ ನೈಋತ್ಯ ಭಾಗದ ಕರಾವಳಿಯ ಆಚೆ, ಸಮುದ್ರತಳದಲ್ಲಿ ನಾಂಕಾಯ್ ಕಂದಕವೆಂಬ ಆಳವಾದ ತಗ್ಗು ಇದೆ. ಅಲ್ಲಿ ಫಿಲಿಪೈನ್ ಸಮುದ್ರದ ಭೂಫಲಕವು ಜಪಾನನ್ನು ಹೊತ್ತ ಭೂಫಲಕದ ಕೆಳಗೆ ನಿಧಾನವಾಗಿ ಜಾರುತ್ತಿರುತ್ತದೆ. ಜಾರುವಾಗ ಮೇಲಿನ ಫಲಕದ ಅಂಚೂ ಅದರೊಡನೆ ಸಿಕ್ಕಿ ಬಾಗುತ್ತದೆ. ಬಾಗಿದ ಅಂಚು ತಾಳಲಾರದೆ ಒಮ್ಮೆಲೇ ಮೇಲಕ್ಕೆ ಚಿಮ್ಮಿದಾಗ ಭೂಕಂಪವಾಗುತ್ತದೆ ಮತ್ತು ಅದರ ಮೇಲಿನ ನೀರು ಎದ್ದು ಸುನಾಮಿಯಾಗುತ್ತದೆ. ಈ ಕ್ರಿಯೆ ಸುಮಾರು ನೂರರಿಂದ ನೂರೈವತ್ತು ವರ್ಷಗಳಿಗೊಮ್ಮೆ ಮರುಕಳಿಸುತ್ತಾ ಬಂದಿದೆ. ೧೭೦೭ರ ಭೂಕಂಪ ಮತ್ತು ಸುನಾಮಿಯಿಂದಲೂ ಹಿರೋ ಗ್ರಾಮಕ್ಕೆ ಅಪಾರ ಹಾನಿಯಾಗಿತ್ತು.

ಹಿರೋ ಗ್ರಾಮವು ಒಳಕ್ಕೆ ಹೋಗುತ್ತಾ ಕಿರಿದಾಗುವ ಕೊಲ್ಲಿಯ ತುದಿಯಲ್ಲಿ, ತಗ್ಗಾದ ಬಯಲಿನಲ್ಲಿದೆ. ಇಂಥ ಕೊಲ್ಲಿಗಳಲ್ಲಿ ಸುನಾಮಿಯ ನೀರು ಇಕ್ಕಟ್ಟಿಗೆ ಸಿಕ್ಕಿ ಮತ್ತಷ್ಟು ಎತ್ತರಕ್ಕೆ ಏರುತ್ತದೆ. ಗ್ರಾಮದ ಮುಂಭಾಗದಲ್ಲಿ ಮಧ್ಯಯುಗದಲ್ಲಿ ಹತಕೆಯಾಮಾ ಎಂಬ ಪಾಳೆಯಗಾರ ಮನೆತನದವರು ಕಟ್ಟಿಸಿದ ಕಲ್ಲಿನ ಅಲೆತಡೆಯೊಂದು ಇತ್ತು. ಸಾಮಾನ್ಯ ಬಿರುಗಾಳಿಯ ಅಲೆಗಳಿಗೆ ಅದು ಸಾಕಾಗಿದ್ದರೂ ದೊಡ್ಡ ಸುನಾಮಿಯನ್ನು ತಡೆಯುವಷ್ಟು ಎತ್ತರ ಅದಕ್ಕಿರಲಿಲ್ಲ.

೧೮೫೪ರ ಭೂಕಂಪ ಮತ್ತು ಸುನಾಮಿ

೧೮೫೪ರ ಡಿಸೆಂಬರ್ ೨೩ರಂದು ಬೆಳಗ್ಗೆ ಮಧ್ಯ ಜಪಾನಿನ ಕರಾವಳಿಯಲ್ಲಿ ಮಹಾ ಭೂಕಂಪವಾಯಿತು. ಹಿರೋ ಗ್ರಾಮದಲ್ಲಿಯೂ ನೆಲ ನಡುಗಿ, ಸಮುದ್ರದ ನೀರಿನಲ್ಲಿ ವಿಚಿತ್ರವಾದ ಏರಿಳಿತಗಳು ಕಂಡವು. ಆಗ ಊರಿನಲ್ಲಿದ್ದ ಗೊರ್ಯೋ ಅವರು ಹಿರಿಯರನ್ನೂ ಮಕ್ಕಳನ್ನೂ ಎತ್ತರದಲ್ಲಿರುವ ಹಾಚಿಮಾನ್ ದೇವಾಲಯಕ್ಕೆ ಕಳುಹಿಸಿದರು. ಅಂದು ದೊಡ್ಡ ಅಲೆ ಬರಲಿಲ್ಲ. ಮಾರನೆಯ ದಿನ ಸಮುದ್ರ ಶಾಂತವಾಗಿದ್ದುದನ್ನು ಕಂಡು ಜನರು ತಮ್ಮ ತಮ್ಮ ಮನೆಗಳಿಗೆ ಹಿಂದಿರುಗಿದರು.

ಮೊದಲ ಭೂಕಂಪವಾಗಿ ಸುಮಾರು ೩೨ ಗಂಟೆಗಳ ನಂತರ, ಡಿಸೆಂಬರ್ ೨೪ರ ಸಂಜೆ ನಾಲ್ಕು ಗಂಟೆಯ ಹೊತ್ತಿಗೆ, ಅಷ್ಟೇ ಪ್ರಬಲವಾದ ಎರಡನೆಯ ಭೂಕಂಪ ಸಂಭವಿಸಿತು. ಇವೆರಡರ ಪ್ರಮಾಣವನ್ನೂ ಸುಮಾರು ೮.೪ ಎಂದು ಅಂದಾಜಿಸಲಾಗಿದೆ. ಹೆಂಚುಗಳು ಹಾರಿ, ಗೋಡೆಗಳು ಉರುಳಿ, ಊರೆಲ್ಲ ಧೂಳಿನಿಂದ ತುಂಬಿತು. ಗೊರ್ಯೋ ಊರನ್ನು ಸುತ್ತಿ ನೋಡುತ್ತಿದ್ದಾಗಲೇ ನೈಋತ್ಯ ದಿಕ್ಕಿನಿಂದ ಫಿರಂಗಿ ಹಾರಿಸಿದಂತಹ ಶಬ್ದಗಳು ಕೇಳಿಬಂದವು. ಸ್ವಲ್ಪ ಹೊತ್ತಿನಲ್ಲಿ ಸುನಾಮಿ ಊರಿನೊಳಕ್ಕೆ ನುಗ್ಗಿತು. ಜನರನ್ನು ಓಡಿಸುತ್ತಾ ಹಿಂದೆ ಉಳಿದಿದ್ದ ಗೊರ್ಯೋ ಅವರೂ ನೀರಿನ ಸೆಳೆತಕ್ಕೆ ಸಿಕ್ಕಿ, ಬಹಳ ಕಷ್ಟದಿಂದ ದಿಬ್ಬವೊಂದನ್ನು ಹತ್ತಿ ಬದುಕಿಕೊಂಡರು.

ಬಣವೆಗಳ ಬೆಂಕಿ

ದೇವಾಲಯದ ಆವರಣವನ್ನು ತಲುಪಿದಾಗ ಅಲ್ಲಿ ಸೇರಿದ್ದ ಜನರು ತಂದೆ, ತಾಯಿ, ಮಕ್ಕಳನ್ನು ಹುಡುಕುತ್ತಾ ಗೋಳಾಡುತ್ತಿದ್ದರು. ಹೊತ್ತು ಮುಳುಗಿ ಕತ್ತಲಾಗಿತ್ತು. ಬಯಲಿನಲ್ಲಿ ಇನ್ನೂ ಎಷ್ಟೋ ಜನ ದಾರಿ ಕಾಣದೆ ಉಳಿದಿರಬಹುದೆಂದು ಗೊರ್ಯೋ ಊಹಿಸಿದರು. ಗಟ್ಟಿಮುಟ್ಟಾದ ಹತ್ತಾರು ಮಂದಿಯೊಡನೆ ಪಂಜು ಹಿಡಿದು ಅವರು ಮತ್ತೆ ಕೆಳಗಿಳಿದರು. ತೇಲಿಬಂದ ತೊಲೆಗಳು ಮತ್ತು ಮನೆಗಳ ಅವಶೇಷಗಳು ದಾರಿಯನ್ನು ಮುಚ್ಚಿದ್ದರಿಂದ ಹೆಚ್ಚು ದೂರ ಹೋಗುವುದು ಸಾಧ್ಯವಾಗಲಿಲ್ಲ.

ಆಗ ಅವರು ದಾರಿಯ ಅಂಚಿನ ಗದ್ದೆಗಳಲ್ಲಿದ್ದ ಹತ್ತಕ್ಕೂ ಹೆಚ್ಚು ಹುಲ್ಲಿನ ಬಣವೆಗಳಿಗೆ ಬೆಂಕಿ ಹಚ್ಚಿಸಿದರು. ಜಪಾನೀ ಭಾಷೆಯಲ್ಲಿ ಭತ್ತದ ಬಣವೆಯನ್ನು ಇನಾಮುರಾ ಎನ್ನುತ್ತಾರೆ. ಸಾಲಾಗಿ ಉರಿದ ಈ ಬೆಂಕಿಯ ಬೆಳಕೇ ಕತ್ತಲಲ್ಲಿ ಉಳಿದಿದ್ದವರಿಗೆ ಎತ್ತರದ ನೆಲೆಯ ದಾರಿಯನ್ನು ತೋರಿಸಿತು. ಅವರು ದೇವಾಲಯಕ್ಕೆ ಮರಳಿದ ಕೆಲವೇ ಹೊತ್ತಿನಲ್ಲಿ ಮೊದಲಿನದಕ್ಕಿಂತ ದೊಡ್ಡದಾದ ಅಲೆ ಬಂದಿತು.

ಗ್ರಾಮದ ಜನಸಂಖ್ಯೆ ಆಗ ೧,೩೨೩. ಅವರಲ್ಲಿ ಸತ್ತವರು ೩೦ ಮಂದಿ. ಒಟ್ಟು ೩೩೯ ಮನೆಗಳಲ್ಲಿ ಹಾನಿಗೆ ಒಳಗಾಗದ ಮನೆ ಒಂದೂ ಇರಲಿಲ್ಲ. ೧೨೫ ಮನೆಗಳು ಕೊಚ್ಚಿಹೋದವು, ೧೦ ಪೂರ್ತಿಯಾಗಿ ಕುಸಿದವು, ೪೬ ಅರ್ಧ ಕುಸಿದವು, ಉಳಿದ ೧೫೮ ಮನೆಗಳಿಗೆ ನೀರು ನುಗ್ಗಿತ್ತು. ಆಸ್ತಿಯ ನಾಶ ಇಷ್ಟು ದೊಡ್ಡದಾಗಿದ್ದರೂ ಜನರಲ್ಲಿ ನೂರಕ್ಕೆ ತೊಂಬತ್ತೇಳಕ್ಕಿಂತ ಹೆಚ್ಚು ಮಂದಿ ಬದುಕಿ ಉಳಿದರು.

ತುರ್ತು ಪರಿಹಾರ

ಆ ರಾತ್ರಿಯೇ ಗೊರ್ಯೋ ಆಹಾರದ ವ್ಯವಸ್ಥೆಗೆ ತೊಡಗಿದರು. ಹತ್ತಿರದ ಬೌದ್ಧ ದೇವಾಲಯದಿಂದ ಅಕ್ಕಿಯನ್ನು ಪಡೆದು ಹಸಿದವರಿಗೆ ಊಟ ಒದಗಿಸಿದರು. ಅದು ಸಾಲದೆಂದು ಅರಿತು, ಪಕ್ಕದ ಗ್ರಾಮದ ಮುಖಂಡರ ಬಳಿಗೆ ಹೋಗಿ, ಕಂದಾಯಕ್ಕೆಂದು ತೆಗೆದಿರಿಸಿದ್ದ ಅಕ್ಕಿಯಲ್ಲಿ ೫೦ ಕೊಕು ಪ್ರಮಾಣವನ್ನು ತಮ್ಮ ಹೊಣೆಯ ಮೇಲೆ ಸಾಲವಾಗಿ ತಂದರು. ಒಂದು ಕೊಕು ಎಂದರೆ ಒಬ್ಬ ವ್ಯಕ್ತಿಗೆ ಒಂದು ವರ್ಷಕ್ಕೆ ಸಾಕಾಗುವಷ್ಟು ಅಕ್ಕಿ ಎಂಬುದು ಆ ಕಾಲದ ಲೆಕ್ಕ. ಕಂದಾಯದ ಅಕ್ಕಿಯನ್ನು ಮುಟ್ಟುವುದು ಅಂದಿನ ಆಡಳಿತದಲ್ಲಿ ಸಣ್ಣ ಸಂಗತಿಯಾಗಿರಲಿಲ್ಲ.

ಮುಂದಿನ ದಿನಗಳಲ್ಲಿ ಅವರು ೨೦೦ ಮೂಟೆ ಅಕ್ಕಿಯನ್ನು ದಾನ ಮಾಡಿ, ಇತರ ಶ್ರೀಮಂತರೂ ಕೈಜೋಡಿಸುವಂತೆ ಮಾಡಿದರು. ಸುಮಾರು ೫೦ ಮನೆಗಳನ್ನು ಕಟ್ಟಿಸಿ ಬಡವರಿಗೆ ನೀಡಿದರು. ಬೇಸಾಯಗಾರರಿಗೆ ಉಪಕರಣಗಳನ್ನೂ, ಮೀನುಗಾರರಿಗೆ ದೋಣಿ ಮತ್ತು ಬಲೆಗಳನ್ನೂ ಒದಗಿಸಿದರು. ಬರಿಯ ಅನ್ನದಾನಕ್ಕೆ ನಿಲ್ಲದೆ, ಜನರು ತಮ್ಮ ಕಸುಬಿಗೆ ಮರಳುವಂತೆ ಮಾಡಿದ್ದು ಈ ಪರಿಹಾರದ ವೈಶಿಷ್ಟ್ಯ.

ಹಿರೋ ಗ್ರಾಮದ ಏರಿ

ಇಷ್ಟಾದರೂ ಗ್ರಾಮದ ಭವಿಷ್ಯ ಅನಿಶ್ಚಿತವಾಗಿತ್ತು. ಮನೆ, ದೋಣಿ, ಬೆಳೆ ಎಲ್ಲವನ್ನೂ ಕಳೆದುಕೊಂಡ ಜನರಲ್ಲಿ ಹಲವರು ಊರು ಬಿಡಲು ಸಿದ್ಧರಾದರು. ಮತ್ತೆ ಸುನಾಮಿ ಬರುವುದು ಖಚಿತವೆಂಬ ಭಯ ಒಂದು ಕಡೆ, ದುಡಿಮೆ ಇಲ್ಲವೆಂಬ ಚಿಂತೆ ಇನ್ನೊಂದು ಕಡೆ. ದಾನದಿಂದ ಕೆಲವು ತಿಂಗಳು ಹೊಟ್ಟೆ ತುಂಬಬಹುದಾದರೂ ಊರು ಉಳಿಯಲಾರದು ಎಂಬುದು ಗೊರ್ಯೋ ಅವರಿಗೆ ಮನವರಿಕೆಯಾಯಿತು. ಈ ಎರಡೂ ಸಮಸ್ಯೆಗಳಿಗೆ ಒಂದೇ ಕಾಮಗಾರಿಯಿಂದ ಉತ್ತರ ಕೊಡಲು ಅವರು ನಿರ್ಧರಿಸಿದರು. ಕಡಲ ತೀರದಲ್ಲಿ ದೊಡ್ಡ ಏರಿಯನ್ನು ಕಟ್ಟುವುದು, ಅದನ್ನು ಗ್ರಾಮದವರಿಂದಲೇ ಕೂಲಿ ಕೊಟ್ಟು ಕಟ್ಟಿಸುವುದು ಅವರ ಯೋಜನೆಯಾಗಿತ್ತು. ವೆಚ್ಚವನ್ನು ತಮ್ಮ ಕುಟುಂಬವೇ ಭರಿಸುವುದಾಗಿ ತಿಳಿಸಿ ಕೀಷೂ ಸಂಸ್ಥಾನದಿಂದ ಅನುಮತಿ ಪಡೆದರು.

ಕೆಲಸವು ೧೮೫೫ರ ಆರಂಭದಲ್ಲಿ ಶುರುವಾಗಿ, ಸುಮಾರು ನಾಲ್ಕು ವರ್ಷಗಳ ನಂತರ ಮುಗಿಯಿತು. ಏರಿಯ ಉದ್ದ ೬೦೦ ಮೀಟರಿಗೂ ಹೆಚ್ಚು, ಎತ್ತರ ಸುಮಾರು ೫ ಮೀಟರ್, ಬುಡದ ಅಗಲ ಸುಮಾರು ೨೦ ಮೀಟರ್. ದಾಖಲೆಗಳ ಪ್ರಕಾರ ಇದಕ್ಕೆ ದುಡಿದವರ ಲೆಕ್ಕ ಒಟ್ಟು ೫೬,೭೩೬ ಆಳುಗಳು, ಎಂದರೆ ಒಬ್ಬರ ಒಂದು ದಿನದ ದುಡಿಮೆಯನ್ನು ಒಂದು ಆಳೆಂದು ಎಣಿಸಿದ ಮೊತ್ತ. ವೆಚ್ಚವಾದದ್ದು ೧,೫೭೨ ರ್ಯೋ. ರ್ಯೋ ಎಂಬುದು ಆ ಕಾಲದ ಚಿನ್ನದ ನಾಣ್ಯ.

ಈ ಕಾಮಗಾರಿಯ ಯೋಜನೆಯಲ್ಲಿ ಗಮನಿಸಬೇಕಾದ ಅಂಶಗಳು ಹಲವು:

ದಿನಗೂಲಿ: ಗಂಡಸರು, ಹೆಂಗಸರು ಎಂಬ ಭೇದವಿಲ್ಲದೆ ಶಕ್ತಿಗೆ ತಕ್ಕ ಕೆಲಸವನ್ನು ಕೊಟ್ಟು, ಕೂಲಿಯನ್ನು ಆಯಾ ದಿನವೇ ಪಾವತಿ ಮಾಡಲಾಗುತ್ತಿತ್ತು. ಇದರಿಂದ ಊರು ಬಿಡಬೇಕೆಂದಿದ್ದವರು ಉಳಿದುಕೊಂಡರು.

ಕಂದಾಯದ ಹೊರೆಯ ಇಳಿಕೆ: ಹೆಚ್ಚು ಕಂದಾಯ ಬೀಳುತ್ತಿದ್ದ ಹೊಲಗದ್ದೆಗಳನ್ನು ಏರಿಯ ನೆಲಕ್ಕಾಗಿ ಬಳಸಿಕೊಳ್ಳಲಾಯಿತು. ಆ ಭೂಮಿ ಕಂದಾಯದ ಲೆಕ್ಕದಿಂದ ಹೊರಬಿದ್ದುದರಿಂದ ರೈತರ ಹೊರೆ ಕಡಿಮೆಯಾಯಿತು.

ಹಲವು ಪದರಗಳ ರಕ್ಷಣೆ: ಸಮುದ್ರದ ಅಂಚಿನಲ್ಲಿ ಮಧ್ಯಯುಗದ ಹಳೆಯ ಕಲ್ಲಿನ ತಡೆ, ಅದರ ಹಿಂದೆ ಪೈನ್ ಮರಗಳ ಸಾಲು, ಅದರ ಹಿಂದೆ ಹೊಸ ಮಣ್ಣಿನ ಏರಿ ಎಂಬಂತೆ ರಕ್ಷಣೆಯನ್ನು ರೂಪಿಸಲಾಯಿತು. ಮರಗಳು ಅಲೆಯ ರಭಸವನ್ನು ತಗ್ಗಿಸುವುದಲ್ಲದೆ, ತೇಲಿಬರುವ ದೋಣಿ ಮತ್ತು ದಿಮ್ಮಿಗಳು ಊರಿಗೆ ಬಡಿಯದಂತೆ ತಡೆಯುತ್ತವೆ.

ಆದಾಯ ತರುವ ಮರಗಳು: ಏರಿಯ ಒಳಮಗ್ಗುಲಿನಲ್ಲಿ ಹಾಜೆ ಎಂಬ ಮೇಣದ ಮರಗಳನ್ನು ನೆಡಲಾಯಿತು. ಇವುಗಳ ಬೇರು ಮಣ್ಣನ್ನು ಹಿಡಿದಿಡುತ್ತದೆ, ಕಾಯಿಯಿಂದ ಮೇಣದ ಬತ್ತಿಗೆ ಬೇಕಾದ ಮೇಣ ದೊರೆಯುತ್ತದೆ.

ಸಾರ್ವಜನಿಕ ಜೀವನ

ಗೊರ್ಯೋ ಅವರ ಲೋಕಸೇವೆ ಸುನಾಮಿಯೊಂದಕ್ಕೇ ಸೀಮಿತವಾಗಿರಲಿಲ್ಲ. ೧೮೫೮ರಲ್ಲಿ ಜಪಾನಿನಲ್ಲಿ ಕಾಲರಾ ಹರಡಿದಾಗ, ಚೋಷಿಯಲ್ಲಿದ್ದ ವೈದ್ಯ ಸೆಕಿ ಕಾನ್ಸಾಯ್ ಅವರನ್ನು ಎದೊ ನಗರಕ್ಕೆ ಕಳುಹಿಸಿ ರೋಗನಿಯಂತ್ರಣದ ವಿಧಾನವನ್ನು ಕಲಿತು ಬರುವಂತೆ ಮಾಡಿದರು. ಎದೊ ನಗರದ ಒತಮಾಗೈಕೆ ಎಂಬಲ್ಲಿದ್ದ ಸಿಡುಬಿನ ಲಸಿಕಾ ಕೇಂದ್ರ ಬೆಂಕಿಗೆ ಆಹುತಿಯಾದಾಗ ಅದರ ಪುನರ್ನಿರ್ಮಾಣಕ್ಕೆ ದೊಡ್ಡ ಮೊತ್ತವನ್ನು ನೀಡಿದರು. ಈ ಕೇಂದ್ರವನ್ನು ಟೋಕಿಯೋ ವಿಶ್ವವಿದ್ಯಾಲಯದ ವೈದ್ಯಕೀಯ ವಿಭಾಗದ ಮೂಲವೆಂದು ಪರಿಗಣಿಸಲಾಗಿದೆ.

೧೮೬೮ರಲ್ಲಿ ಷೋಗನ್ನರ ಆಡಳಿತ ಕೊನೆಗೊಂಡು ಮೇಜಿ ಯುಗ ಆರಂಭವಾಯಿತು. ವರ್ತಕ ಕುಲದವರಾಗಿದ್ದರೂ ಗೊರ್ಯೋ ಅವರನ್ನು ಕೀಷೂ ಸಂಸ್ಥಾನವು ಹಣಕಾಸಿನ ಮುಖ್ಯಾಧಿಕಾರಿಯಾಗಿ ನೇಮಿಸಿತು. ೧೮೭೧ರಲ್ಲಿ ಹೊಸ ಕೇಂದ್ರ ಸರ್ಕಾರದ ಅಂಚೆ ಮತ್ತು ಸಾರಿಗೆ ಇಲಾಖೆಯ ಮುಖ್ಯಸ್ಥರಾಗಿ ಅಲ್ಪಕಾಲ ಸೇವೆ ಸಲ್ಲಿಸಿದರು. ಮುಂದೆ ವಕಯಾಮಾ ಪ್ರಾಂತೀಯ ಸಭೆಯ ಪ್ರಥಮ ಅಧ್ಯಕ್ಷರಾದರು.

ನಿಧನ

ಹೊರದೇಶಗಳನ್ನು ನೋಡಬೇಕೆಂಬುದು ಗೊರ್ಯೋ ಅವರ ತಾರುಣ್ಯದ ಆಸೆ. ದೇಶ ಬಿಟ್ಟು ಹೋಗುವುದು ನಿಷಿದ್ಧವಾಗಿದ್ದ ಕಾಲದಲ್ಲಿ ಅದು ಈಡೇರಲಿಲ್ಲ. ೧೮೮೪ರಲ್ಲಿ, ಅರವತ್ತು ದಾಟಿದ ಮೇಲೆ, ಅವರು ವಿದೇಶ ಪ್ರವಾಸಕ್ಕೆ ಹೊರಟರು. ಅಮೆರಿಕದಲ್ಲಿದ್ದಾಗ ಕಾಯಿಲೆ ಬಿದ್ದು, ೧೮೮೫ರ ಏಪ್ರಿಲ್ ೨೧ರಂದು ನ್ಯೂಯಾರ್ಕ್ ನಗರದಲ್ಲಿ ನಿಧನರಾದರು. ಅವರ ಪಾರ್ಥಿವ ಶರೀರವನ್ನು ಸ್ವದೇಶಕ್ಕೆ ತಂದು ಹುಟ್ಟೂರಿನಲ್ಲಿ ಸಮಾಧಿ ಮಾಡಲಾಯಿತು.

೧೯೪೬ರ ಸುನಾಮಿ

ಏರಿಯ ನಿಜವಾದ ಪರೀಕ್ಷೆ ಅದು ಪೂರ್ಣಗೊಂಡ ೮೮ ವರ್ಷಗಳ ನಂತರ ಬಂದಿತು. ೧೯೪೬ರ ಡಿಸೆಂಬರ್ ೨೧ರ ನಸುಕಿನಲ್ಲಿ ನಾಂಕಾಯ್ ಕಂದಕದಲ್ಲಿ ಸುಮಾರು ೮ ಪ್ರಮಾಣದ ಭೂಕಂಪ ಸಂಭವಿಸಿತು. ದೇಶದಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತರು. ಹಿರೋ ಗ್ರಾಮಕ್ಕೆ ಸುಮಾರು ನಾಲ್ಕು ಮೀಟರ್ ಎತ್ತರದ ಅಲೆ ಬಂದಿತು. ಏರಿಯ ಹಿಂದಿದ್ದ ವಸತಿಯ ಬಹುಭಾಗ ಸುರಕ್ಷಿತವಾಗಿ ಉಳಿಯಿತು. ಆದರೆ ಏರಿಯ ರಕ್ಷಣೆ ಇಲ್ಲದ ತಗ್ಗು ಪ್ರದೇಶದಲ್ಲಿ, ನಂತರದ ಕಾಲದಲ್ಲಿ ಬೆಳೆದಿದ್ದ ವಸತಿಗೆ ನೀರು ನುಗ್ಗಿ ಸಾವುನೋವು ಸಂಭವಿಸಿತು. ಕಟ್ಟಿದ ರಕ್ಷಣೆಯ ಪ್ರಯೋಜನವನ್ನೂ, ಅದರ ಮಿತಿಯ ಆಚೆ ಊರು ಬೆಳೆಯಲು ಬಿಡುವುದರ ಅಪಾಯವನ್ನೂ ಆ ಒಂದೇ ಮುಂಜಾನೆ ತೋರಿಸಿಕೊಟ್ಟಿತು.

ಕಥೆಯಾಗಿ ಗೊರ್ಯೋ

೧೮೯೬ರ ಜೂನ್ ೧೫ರಂದು ಈಶಾನ್ಯ ಜಪಾನಿನ ಸಾನ್ರಿಕು ಕರಾವಳಿಯಲ್ಲಿ ಸುನಾಮಿಗೆ ಸುಮಾರು ೨೨,೦೦೦ ಜನ ಬಲಿಯಾದರು. ಆಗ ಜಪಾನಿನಲ್ಲಿ ನೆಲೆಸಿದ್ದ ಲೇಖಕ ಲಾಫ್ಕಾಡಿಯೋ ಹರ್ನ್ ಈ ದುರಂತದ ಹಿನ್ನೆಲೆಯಲ್ಲಿ ಗೊರ್ಯೋ ಅವರ ಘಟನೆಯನ್ನು ಆಧರಿಸಿ ಇಂಗ್ಲಿಷಿನಲ್ಲಿ ಬರೆದ ಬರಹ ೧೮೯೭ರ ಅವರ ಗ್ರಂಥದಲ್ಲಿ ಸೇರಿತು. ಗೊರ್ಯೋ ಅವರ ಹೆಸರು ಪಾಶ್ಚಾತ್ಯ ದೇಶಗಳಲ್ಲಿ ಪರಿಚಿತವಾದದ್ದು ಇದರಿಂದ. ೧೯೦೩ರಲ್ಲಿ ಅವರ ಮಗ ಲಂಡನ್ನಿನಲ್ಲಿ ಉಪನ್ಯಾಸ ನೀಡಿದಾಗ, ಕಥೆಯ ನಾಯಕನಿಗೂ ಉಪನ್ಯಾಸಕರಿಗೂ ಇರುವ ಸಂಬಂಧವನ್ನು ಸಭಿಕರೊಬ್ಬರು ವಿಚಾರಿಸಿದರೆಂಬುದು ಪ್ರಸಿದ್ಧ ಪ್ರಸಂಗ.

ಹರ್ನ್ ಅವರ ಬರಹವನ್ನು ಓದಿದ ನಕಾಯಿ ತ್ಸುನೆಜೋ ಎಂಬ ಶಾಲಾ ಶಿಕ್ಷಕರು ಅದನ್ನು ಮಕ್ಕಳಿಗಾಗಿ ಸರಳ ಜಪಾನೀ ಭಾಷೆಯಲ್ಲಿ ಬರೆದರು. ಅವರು ಗೊರ್ಯೋ ಸ್ಥಾಪಿಸಿದ ಶಾಲೆಯ ಪರಂಪರೆಯಲ್ಲಿಯೇ ಕಲಿತವರು. ಸರ್ಕಾರವು ಪಠ್ಯಕ್ಕಾಗಿ ಬರಹಗಳನ್ನು ಆಹ್ವಾನಿಸಿದಾಗ ಇದು ಆಯ್ಕೆಯಾಯಿತು. ಬಣವೆಯ ಬೆಂಕಿ ಎಂಬರ್ಥದ ಇನಾಮುರಾ ನೊ ಹಿ ಎಂಬ ಹೆಸರಿನಲ್ಲಿ ೧೯೩೭ರಿಂದ ೧೯೪೭ರವರೆಗೆ ಐದನೆಯ ತರಗತಿಯ ಭಾಷಾ ಪಠ್ಯಪುಸ್ತಕದಲ್ಲಿ ಪಾಠವಾಗಿತ್ತು.

ಕಥೆಗೂ ಇತಿಹಾಸಕ್ಕೂ ಇರುವ ವ್ಯತ್ಯಾಸ

ಕಥೆಯ ನಾಯಕ ಗುಡ್ಡದ ಮೇಲೆ ವಾಸಿಸುವ ವೃದ್ಧ. ನಿಜವಾದ ಗೊರ್ಯೋ ಆಗ ೩೪ ವರ್ಷದ ತರುಣರು, ಅವರ ಮನೆ ಊರೊಳಗೇ ಇತ್ತು. ಕಥೆಯಲ್ಲಿ ಸುನಾಮಿ ಬರುವ ಮೊದಲೇ ವೃದ್ಧನು ಕೊಯ್ಲಾದ ತನ್ನ ಭತ್ತಕ್ಕೆಲ್ಲ ಬೆಂಕಿ ಇಡುತ್ತಾನೆ, ಬೆಂಕಿ ಆರಿಸಲು ಗುಡ್ಡ ಹತ್ತಿಬಂದ ಜನರೆಲ್ಲ ಬದುಕುತ್ತಾರೆ. ನಿಜದಲ್ಲಿ ಬೆಂಕಿ ಹಚ್ಚಿದ್ದು ಮೊದಲ ಅಲೆ ಬಂದ ನಂತರ, ದಾರಿ ತೋರಿಸುವುದಕ್ಕಾಗಿ. ಉರಿದದ್ದು ಒಣಹುಲ್ಲು, ಮತ್ತು ಮೂವತ್ತು ಮಂದಿ ಸತ್ತರು. ಕಥೆಯಲ್ಲಿ ಜನರು ಆತನಿಗೆ ಗುಡಿ ಕಟ್ಟಿ ಪೂಜಿಸುತ್ತಾರೆ. ನಿಜದಲ್ಲಿ ಗ್ರಾಮದವರು ಅಂಥ ಗುಡಿ ಕಟ್ಟಲು ಮುಂದಾದಾಗ ಗೊರ್ಯೋ ಅವರೇ ಅದನ್ನು ತಡೆದರು.

ಇವುಗಳಲ್ಲಿ ಎರಡು ವ್ಯತ್ಯಾಸಗಳು ವಿಪತ್ತಿನ ಶಿಕ್ಷಣದ ದೃಷ್ಟಿಯಿಂದ ಮುಖ್ಯವಾದವು. ಮೊದಲನೆಯದು ಭೂಕಂಪದ ಸ್ವರೂಪ. ಕಥೆಯ ಭೂಕಂಪ ಮೆಲುವಾದದ್ದು, ದೀರ್ಘವಾದದ್ದು. ಈ ಲಕ್ಷಣ ೧೮೯೬ರ ಸಾನ್ರಿಕು ಭೂಕಂಪಕ್ಕೆ ಹೊಂದುತ್ತದೆ, ೧೮೫೪ರ ಪ್ರಚಂಡ ಕಂಪನಕ್ಕೆ ಹೊಂದುವುದಿಲ್ಲ. ಸುನಾಮಿಯು ಎರಡೂ ಬಗೆಯ ಭೂಕಂಪಗಳಿಂದ ಉಂಟಾಗಬಹುದಾದ್ದರಿಂದ ಓದುಗರು ಒಂದನ್ನೇ ಲಕ್ಷಣವೆಂದು ನಂಬಬಾರದು. ಎರಡನೆಯದು ಏರಿಯ ವಿಷಯ. ಬೆಂಕಿಯ ಪ್ರಸಂಗ ಒಂದು ರಾತ್ರಿಯದು, ಏರಿಯ ನಿರ್ಮಾಣ ನಾಲ್ಕು ವರ್ಷಗಳದು. ಪಾಠದಲ್ಲಿ ಬೆಂಕಿಯಷ್ಟೇ ಉಳಿದು, ಅದಕ್ಕಿಂತ ಹೆಚ್ಚು ಶ್ರಮ ಮತ್ತು ಹಣ ಬೇಡಿದ ಏರಿ ಬಿಟ್ಟುಹೋಗಿದೆ.

ವಿಪತ್ತು ಸಿದ್ಧತೆಯಲ್ಲಿ ಮಹತ್ವ

ನೈಸರ್ಗಿಕ ವಿಪತ್ತುಗಳ ನಿರ್ವಹಣೆಯನ್ನು ಮುನ್ನೆಚ್ಚರಿಕೆ, ತುರ್ತು ಪರಿಹಾರ, ಪುನರ್ವಸತಿ, ಭವಿಷ್ಯದ ತಡೆ ಎಂಬ ನಾಲ್ಕು ಹಂತಗಳಾಗಿ ನೋಡುವುದು ವಾಡಿಕೆ. ಗೊರ್ಯೋ ಅವರ ಕಾರ್ಯದಲ್ಲಿ ಈ ನಾಲ್ಕೂ ಕಾಣುತ್ತವೆ. ಸಂತ್ರಸ್ತರಿಗೆ ಕೂಲಿ ಕೊಟ್ಟು ಅವರಿಂದಲೇ ರಕ್ಷಣಾ ಕಾಮಗಾರಿ ಮಾಡಿಸುವ ಪದ್ಧತಿಯನ್ನು ಇಂದು ಅನೇಕ ಸರ್ಕಾರಗಳೂ ಅಂತಾರಾಷ್ಟ್ರೀಯ ಸಂಸ್ಥೆಗಳೂ ಅನುಸರಿಸುತ್ತವೆ. ಪರಿಹಾರಕ್ಕೆ ಹೋಗುವ ಹಣವೇ ಮುಂದಿನ ವಿಪತ್ತಿನ ನಷ್ಟವನ್ನು ಕಡಿಮೆ ಮಾಡುವ ಬಂಡವಾಳವಾಗುವುದು ಇದರ ಲಾಭ.

ಒಬ್ಬ ಶ್ರೀಮಂತನ ಔದಾರ್ಯದಿಂದ ಒಂದು ಗ್ರಾಮಕ್ಕೆ ಆದ ಪ್ರಯೋಜನವನ್ನು ಇಡೀ ದೇಶಕ್ಕೆ ಒದಗಿಸಲು ಕಾನೂನು ಮತ್ತು ಸಂಸ್ಥೆಗಳು ಬೇಕು. ಜಪಾನ್ ೧೯೫೨ರಲ್ಲಿ ದೇಶವ್ಯಾಪಿ ಸುನಾಮಿ ಎಚ್ಚರಿಕೆ ಸೇವೆಯನ್ನು ಆರಂಭಿಸಿತು. ೧೯೫೯ರ ಇಸೆ ಕೊಲ್ಲಿಯ ಚಂಡಮಾರುತದಲ್ಲಿ ಐದು ಸಾವಿರಕ್ಕೂ ಹೆಚ್ಚು ಜನ ಸತ್ತ ನಂತರ, ೧೯೬೧ರಲ್ಲಿ ವಿಪತ್ತು ನಿರ್ವಹಣೆಯ ಮೂಲ ಕಾಯಿದೆಯನ್ನು ಜಾರಿಗೆ ತಂದಿತು. ಭಾರತದಲ್ಲಿ ೨೦೦೪ರ ಡಿಸೆಂಬರ್ ೨೬ರ ಸುನಾಮಿಯ ನಂತರ, ೨೦೦೫ರಲ್ಲಿ ವಿಪತ್ತು ನಿರ್ವಹಣಾ ಕಾಯಿದೆ ಬಂದಿತು. ೨೦೦೭ರಲ್ಲಿ ಹೈದರಾಬಾದಿನಲ್ಲಿ ಸುನಾಮಿ ಮುನ್ನೆಚ್ಚರಿಕೆ ಕೇಂದ್ರ ಆರಂಭವಾಯಿತು. ಎರಡೂ ದೇಶಗಳಲ್ಲಿ ಬಹುಪಾಲು ವ್ಯವಸ್ಥೆ ರೂಪುಗೊಂಡದ್ದು ದೊಡ್ಡ ಸಾವುನೋವಿನ ನಂತರವೇ.

ತಡೆಗೋಡೆಗಳ ಬಗ್ಗೆ ಎಚ್ಚರಿಕೆಯ ಮಾತುಗಳೂ ಇವೆ. ೨೦೧೧ರ ಮಾರ್ಚ್ ೧೧ರ ಸುನಾಮಿಯಲ್ಲಿ ಇವಾತೆ ಪ್ರಾಂತ್ಯದ ತಾರೋ ಎಂಬ ಊರಿನ ಸುಮಾರು ೧೦ ಮೀಟರ್ ಎತ್ತರದ ಪ್ರಸಿದ್ಧ ತಡೆಗೋಡೆಯನ್ನು ಅಲೆಗಳು ದಾಟಿದವು. ಗೋಡೆ ಇದೆಯೆಂಬ ನಂಬಿಕೆ ಕೆಲವೊಮ್ಮೆ ಜನರು ಸ್ಥಳ ಬಿಟ್ಟು ಓಡುವುದನ್ನು ತಡಮಾಡಿಸುತ್ತದೆ ಎಂಬ ವಿಮರ್ಶೆ ಆಗ ಕೇಳಿಬಂತು. ಆದ್ದರಿಂದ ಗೋಡೆ, ಮರಗಳು, ಎಚ್ಚರಿಕೆಯ ವ್ಯವಸ್ಥೆ, ಎತ್ತರದ ಆಶ್ರಯ ಮತ್ತು ಜನರ ತಿಳಿವಳಿಕೆ ಇವೆಲ್ಲ ಒಟ್ಟಿಗೆ ಇರಬೇಕೆಂಬುದು ಇಂದಿನ ಅಭಿಪ್ರಾಯ. ಹಿರೋ ಗ್ರಾಮದಲ್ಲಿಯೂ ಪ್ರಾಣ ಉಳಿಸಿದ್ದು ದೇವಾಲಯದ ದಿಬ್ಬ ಮತ್ತು ಅಲ್ಲಿಗೆ ಹೋಗುವ ದಾರಿಯ ಅರಿವು. ಏರಿ ಬಂದದ್ದು ಆಮೇಲೆ.

ಸ್ಮರಣೆ

ಹಿರೋ ಗ್ರಾಮದ ಏರಿಯನ್ನು ೧೯೩೮ರಲ್ಲಿ ಜಪಾನ್ ಸರ್ಕಾರ ರಾಷ್ಟ್ರೀಯ ಐತಿಹಾಸಿಕ ಸ್ಥಳವೆಂದು ಘೋಷಿಸಿತು. ೧೯೦೩ರಿಂದ ಅಲ್ಲಿ ಪ್ರತಿವರ್ಷ ಸುನಾಮಿ ಹಬ್ಬ ನಡೆಯುತ್ತಿದೆ. ಆ ದಿನ ಶಾಲಾ ಮಕ್ಕಳು ಮತ್ತು ಊರಿನವರು ಮಣ್ಣನ್ನು ತಂದು ಏರಿಯ ಮೇಲೆ ಹಾಕುತ್ತಾರೆ. ಸತ್ತವರ ಸ್ಮರಣೆ ಮತ್ತು ಏರಿಯ ನಿರ್ವಹಣೆ ಎರಡೂ ಇದರಲ್ಲಿ ಸೇರಿವೆ. ೨೦೦೭ರಲ್ಲಿ ಹಿರೋಗಾವಾ ಪಟ್ಟಣದಲ್ಲಿ ಗೊರ್ಯೋ ಅವರ ಸ್ಮಾರಕ ಭವನ ಮತ್ತು ಸುನಾಮಿ ಶಿಕ್ಷಣ ಕೇಂದ್ರವನ್ನು ತೆರೆಯಲಾಯಿತು.

೧೮೫೪ರ ಸುನಾಮಿ ಸಂಭವಿಸಿದ್ದು ಅಂದಿನ ಜಪಾನೀ ಪಂಚಾಂಗದ ಪ್ರಕಾರ ಹನ್ನೊಂದನೆಯ ತಿಂಗಳ ಐದನೆಯ ದಿನ. ಆ ತಿಥಿಯನ್ನು ನೆನೆದು ಜಪಾನ್ ೨೦೧೧ರಲ್ಲಿ ನವೆಂಬರ್ ೫ನ್ನು ಸುನಾಮಿ ಸಿದ್ಧತೆಯ ದಿನವೆಂದು ಕಾನೂನಿನ ಮೂಲಕ ಗೊತ್ತುಪಡಿಸಿತು. ೨೦೧೫ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಅದೇ ದಿನವನ್ನು ವಿಶ್ವ ಸುನಾಮಿ ಜಾಗೃತಿ ದಿನವೆಂದು ಅಂಗೀಕರಿಸಿತು. ೨೦೧೬ರಿಂದ ಇದು ಆಚರಣೆಯಲ್ಲಿದೆ.